ದವಾಖಾನೆಯ ಲೆಕ್ಕ: ಕಲಬುರಗಿ, ಬೀದರ, ಯಾದಗಿರಿಯ ಮತದಾರರಿಗೆ ಪಕ್ಷಗಳ ಆರೋಗ್ಯ ಸಾಧನೆಯ ಹೋಲಿಕೆ

ತೊಗರಿ ಎದೆಮಟ್ಟ ಬೆಳೆದು ಹೂವಿಗೆ ಬರುವ ಹೊತ್ತಿಗೆ ನಮ್ಮ ಭಾಗದಲ್ಲಿ ಹಾವು ಕಚ್ಚಿದ ಸುದ್ದಿಯೂ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಸಂಜೆ ನನ್ನ ಚಿಕ್ಕಪ್ಪನ ಮಗನನ್ನು ಬೈಕಿನ ನಡುವೆ ಕೂಡಿಸಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಧಾವಿಸಿದೆವು. ಕಟ್ಟಡ ಹೊಸದಾಗಿತ್ತು. ಬಾಗಿಲ ಪಕ್ಕದ ಕಪ್ಪು ಗ್ರಾನೈಟ್ ಫಲಕದ ಮೇಲೆ ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ ಎಂದು ಹನ್ನೊಂದು ಹೆಸರುಗಳನ್ನು ಬಂಗಾರದ ಬಣ್ಣದಲ್ಲಿ ಕೊರೆಸಿದ್ದರು. ಒಳಗಿನ ಕರಿಹಲಗೆಯಲ್ಲಿ ಸಿಬ್ಬಂದಿಯ ಪಟ್ಟಿ ಇತ್ತು. ‘ವೈದ್ಯಾಧಿಕಾರಿ’ ಎಂಬುದರ ಎದುರಿಗೆ ಸೀಮೆಸುಣ್ಣದ ಒಂದು ಅಡ್ಡಗೆರೆ. ವಿಷಕ್ಕೆ ಕೊಡುವ ಔಷಧದ ಸೀಸೆಗಳು ಬೀರುವಿನಲ್ಲಿದ್ದವು, ಸಿಸ್ಟರ್ ಬೀಗ ತೆಗೆದು ತೋರಿಸಿದರು ಕೂಡ. ಆದರೆ ಆ ಔಷಧ ಮೈಗೆ ಒಗ್ಗದೆ ರಕ್ತದೊತ್ತಡ ಕುಸಿದರೆ ನೋಡಿಕೊಳ್ಳಲು ವೈದ್ಯರಿಲ್ಲದ ಕಡೆ ಸೂಜಿ ಚುಚ್ಚುವ ಧೈರ್ಯ ಅವರಿಗಿರಲಿಲ್ಲ, ಅದಕ್ಕಾಗಿ ಅವರನ್ನು ದೂರುವಂತೆಯೂ ಇರಲಿಲ್ಲ. ‘ದೊಡ್ಡ ದವಾಖಾನಿಗಿ ಒಯ್ರಿ’ ಎಂದರು. 108 ಬಂತು, ಒಯ್ದೆವು. ಹುಡುಗ ಬದುಕಿಕೊಂಡ, ಬಲಗಾಲಿನ ಎರಡು ಬೆರಳು ಉಳಿಯಲಿಲ್ಲ.

ಆ ಸಂಜೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಹಲವು ಸರಕಾರಗಳ ಕೆಲಸ ಒಟ್ಟಿಗೆ ಸೇರಿಕೊಂಡಿದೆ. 108 ‘ಆರೋಗ್ಯ ಕವಚ’ ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ ಆರಂಭವಾದದ್ದು 2008ರ ನವೆಂಬರ್ 1ರಂದು, ಬಿ.ಎಸ್. ಯಡಿಯೂರಪ್ಪನವರ ಬಿಜೆಪಿ ಸರಕಾರದ ಕಾಲದಲ್ಲಿ. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಗುತ್ತಿಗೆಯ ಸಿಸ್ಟರ್‌ಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ತಂದದ್ದು 2005ರಲ್ಲಿ ಕೇಂದ್ರದ ಯುಪಿಎ ಸರಕಾರ ಆರಂಭಿಸಿದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರಲ್ಲಿ ಆದೇಶಿಸಿದ್ದು ಸಿದ್ದರಾಮಯ್ಯನವರ ಕಾಂಗ್ರೆಸ್ ಸರಕಾರ. ಆ ಸೀಮೆಸುಣ್ಣದ ಅಡ್ಡಗೆರೆ ಮಾತ್ರ ಎಲ್ಲರ ಕಾಲಕ್ಕೂ ಸೇರಿದ್ದು. ಆದ್ದರಿಂದ ಮುಂದಿನ ಹೋಲಿಕೆಯಲ್ಲಿ ಯೋಜನೆಗಳ ಪಟ್ಟಿ ಉದ್ದ ಯಾರದ್ದು ಎಂದು ನೋಡಲು ಹೋಗಿಲ್ಲ. ಚಿಕಿತ್ಸೆಯ ಖರ್ಚಿನ ಕಾರ್ಡು, ಆಸ್ಪತ್ರೆಯ ಕಟ್ಟಡ, ಕುರ್ಚಿಯಲ್ಲಿ ಕೂರುವ ವೈದ್ಯ, ಈ ಮೂರನ್ನು ಬೇರೆ ಬೇರೆ ತೂಗಿದ್ದೇನೆ, ಏಕೆಂದರೆ ಮೂರರಲ್ಲೂ ಒಂದೇ ಪಕ್ಷ ಮುಂದಿಲ್ಲ.

ಯಾವ ಕೆಲಸ ಯಾರ ಕಾಲದ್ದು ಎಂಬ ಗೊಂದಲ ಬೇಡ. 1999ರಿಂದ 2004ರವರೆಗೆ ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರಕಾರ. ಬಳಿಕ 2006ರ ಆರಂಭದವರೆಗೆ ನಮ್ಮದೇ ಜೇವರ್ಗಿಯ ಧರ್ಮಸಿಂಗ್ ನೇತೃತ್ವದ ಕಾಂಗ್ರೆಸ್–ಜೆಡಿಎಸ್ ಸರಕಾರ, 2007ರವರೆಗೆ ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಜೆಡಿಎಸ್–ಬಿಜೆಪಿ ಸರಕಾರ. 2008ರಿಂದ 2013ರವರೆಗೆ ಮೂವರು ಮುಖ್ಯಮಂತ್ರಿಗಳನ್ನು ಕಂಡ ಬಿಜೆಪಿ ಸರಕಾರ, 2013ರಿಂದ 2018ರವರೆಗೆ ಸಿದ್ದರಾಮಯ್ಯನವರ ಕಾಂಗ್ರೆಸ್, ಅನಂತರ ಹದಿನಾಲ್ಕು ತಿಂಗಳು ಕುಮಾರಸ್ವಾಮಿಯವರ ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರಕಾರ, 2019ರಿಂದ 2023ರವರೆಗೆ ಯಡಿಯೂರಪ್ಪ ಮತ್ತು ಬಸವರಾಜ ಬೊಮ್ಮಾಯಿಯವರ ಬಿಜೆಪಿ ಸರಕಾರ, 2023ರ ಮೇ ತಿಂಗಳಲ್ಲಿ ಮತ್ತೆ ಕಾಂಗ್ರೆಸ್. ದೆಹಲಿಯಲ್ಲಿ 2004ರಿಂದ 2014ರವರೆಗೆ ಯುಪಿಎ, ಅಲ್ಲಿಂದೀಚೆಗೆ ಎನ್‌ಡಿಎ. ವೇದಿಕೆಯ ಭಾಷಣದಲ್ಲಿ ‘ಇದು ನಮ್ಮ ಕೊಡುಗೆ’ ಎಂದಾಗ ಈ ಇಸವಿಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅಡಿಗಲ್ಲು ಹಾಕಿದವರು ಒಬ್ಬರಾಗಿ ರಿಬ್ಬನ್ ಕತ್ತರಿಸಿದವರು ಇನ್ನೊಬ್ಬರಾಗಿರುವುದು ನಮ್ಮಲ್ಲಿ ಸಾಮಾನ್ಯ.

ಕಾರ್ಡು

ಚಿಕಿತ್ಸೆಯ ಖರ್ಚನ್ನು ಸರಕಾರ ಹೊರುವ ವಿಚಾರದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿದ ರಾಜ್ಯ. ಮೊದಲ ಹೆಜ್ಜೆ ಕೃಷ್ಣ ಅವರ ಕಾಂಗ್ರೆಸ್ ಸರಕಾರ 2002ರ ಕೊನೆಯಲ್ಲಿ ಪ್ರಕಟಿಸಿದ ಯಶಸ್ವಿನಿ. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಭದ್ರತೆ ಪಡೆಯುವ ಈ ಯೋಜನೆ ಬಹಳ ಒಳ್ಳೆಯದು. ಆದರೆ ಸಹಕಾರ ಸಂಘಗಳು ಗಟ್ಟಿಯಾಗಿರುವ ದಕ್ಷಿಣದ ಜಿಲ್ಲೆಗಳಿಗೆ ಅದು ಒಗ್ಗಿದಷ್ಟು, ಕೂಲಿಯನ್ನೇ ನಂಬಿದ ನಮ್ಮ ಭೂಹೀನ ಕುಟುಂಬಗಳಿಗೆ ಒಗ್ಗುವುದು ಸಾಧ್ಯವಿರಲಿಲ್ಲ. ಸಂಘದ ಸದಸ್ಯತ್ವವೇ ಇಲ್ಲದವನಿಗೆ 60 ರೂಪಾಯಿಯ ಯೋಜನೆಯ ಬಾಗಿಲು ತೆರೆಯುವುದಿಲ್ಲ. 2018ರಲ್ಲಿ ಅದು ನಿಂತಿತು, 2022ರಲ್ಲಿ ಬೊಮ್ಮಾಯಿಯವರ ಸರಕಾರ ಮತ್ತೆ ಆರಂಭಿಸಿತು.

ನಮ್ಮ ಭಾಗವನ್ನೇ ಕಣ್ಣಮುಂದೆ ಇಟ್ಟುಕೊಂಡು ಬಂದ ಯೋಜನೆ ‘ವಾಜಪೇಯಿ ಆರೋಗ್ಯಶ್ರೀ’. 2010ರ ಆರಂಭದಲ್ಲಿ ಬಿಜೆಪಿ ಸರಕಾರ ಇದನ್ನು ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ಆಗಿನ ಗುಲಬರ್ಗಾ ವಿಭಾಗದಲ್ಲಿ ಜಾರಿಗೆ ತಂದಿತು. ಬಿಪಿಎಲ್ ಕುಟುಂಬ ಒಂದು ಪೈಸೆ ಕಟ್ಟದೆ ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರ, ಸುಟ್ಟ ಗಾಯ, ನವಜಾತ ಶಿಶುವಿನ ತೊಂದರೆಗಳಂಥ ದೊಡ್ಡ ಚಿಕಿತ್ಸೆಗಳಿಗೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಅಗತ್ಯ ಬಿದ್ದರೆ ಇನ್ನೂ 50 ಸಾವಿರ ರೂಪಾಯಿಯವರೆಗೆ ನೆರವು ಪಡೆಯಬಹುದಿತ್ತು. ಊರೂರಿಗೆ ಆರೋಗ್ಯ ಶಿಬಿರ ಬಂದು, ರೋಗಿಯನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ ಅದರ ಜೀವಾಳ. ಯೋಜನೆ ಇದ್ದ ಹಳ್ಳಿಗಳನ್ನೂ, ಗಡಿಯ ಆಚೆ ಇನ್ನೂ ಯೋಜನೆ ತಲುಪದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90 ಎಂದು ಅದು ತೋರಿಸಿತು. ಒಂದು ಸರಕಾರದ ಆರೋಗ್ಯ ಯೋಜನೆಗೆ ಇಷ್ಟು ಸ್ಪಷ್ಟವಾದ ಸಾಕ್ಷಿ ಸಿಗುವುದು ಅಪರೂಪ. ಕಾಂಗ್ರೆಸ್ಸಿಗೆ ಮತ ಹಾಕುವವರೂ ಈ ಅಂಕಿಯನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು ಎಂದು ನನ್ನ ಅಭಿಪ್ರಾಯ.

ಆದರೆ ಆ ಹಣದಲ್ಲಿ ಹೆಚ್ಚಿನ ಪಾಲು ಖಾಸಗಿ ಆಸ್ಪತ್ರೆಗಳಿಗೆ ಹೋಯಿತು, ದೊಡ್ಡ ಚಿಕಿತ್ಸೆಗೆ ಬಹುಪಾಲು ರೋಗಿಗಳು ಊರು ಬಿಟ್ಟು ದೂರದ ನಗರಕ್ಕೆ ಪ್ರಯಾಣ ಮಾಡಬೇಕಾಯಿತು ಎಂಬ ಟೀಕೆಯಲ್ಲೂ ಹುರುಳಿದೆ. ಸಿದ್ದರಾಮಯ್ಯನವರ ಮೊದಲ ಸರಕಾರ ಎಪಿಎಲ್ ಕುಟುಂಬಗಳಿಗೆ ರಾಜೀವ್ ಆರೋಗ್ಯ ಭಾಗ್ಯ ತಂದು, 2018ರ ಮಾರ್ಚ್‌ನಲ್ಲಿ ಎಲ್ಲವನ್ನೂ ಕೂಡಿಸಿ ‘ಆರೋಗ್ಯ ಕರ್ನಾಟಕ’ ಎಂದು ಮಾಡಿದಾಗ, ಮೊದಲು ಸರಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಮಾತ್ರ ಅವರ ಶಿಫಾರಸು ಪತ್ರದೊಡನೆ ಖಾಸಗಿ ಎಂಬ ನಿಯಮ ತಂದಿತು. ಸರಕಾರಿ ಆಸ್ಪತ್ರೆ ಗಟ್ಟಿಯಾಗಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಸರಕಾರಿ ಆಸ್ಪತ್ರೆಯಲ್ಲಿ ತಜ್ಞರೇ ಇಲ್ಲದ ಜಿಲ್ಲೆಯಲ್ಲಿ ಆ ಪತ್ರಕ್ಕಾಗಿ ಅಲೆಯುವುದೇ ಇನ್ನೊಂದು ರೋಗವಾಗುತ್ತದೆ. ತುರ್ತು ಚಿಕಿತ್ಸೆಗೆ ಪತ್ರ ಬೇಕಿಲ್ಲ ಎಂಬ ವಿನಾಯಿತಿಯನ್ನು ನಮ್ಮವರು ನೆನಪಿಡಬೇಕು.

ಅದೇ ವರ್ಷ ಕೇಂದ್ರದ ಮೋದಿ ಸರಕಾರ ಆಯುಷ್ಮಾನ್ ಭಾರತ್ ತಂದಿತು. 2018ರ ಅಕ್ಟೋಬರ್‌ನಲ್ಲಿ, ಕುಮಾರಸ್ವಾಮಿಯವರ ಸರಕಾರವಿದ್ದಾಗ, ಎರಡೂ ಒಂದಾದವು. ಅಂದಿನಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಕಾರ್ಡು ಮೋದಿಯವರದೋ ಸಿದ್ದರಾಮಯ್ಯನವರದೋ ಎಂಬ ವಾದಕ್ಕೆ ಉತ್ತರ ಸರಳ: ಕೇಂದ್ರ ತನ್ನ ಪಾಲಿನ ಶೇ. 60ನ್ನು ಕೊಡುವುದು 2011ರ ಸಾಮಾಜಿಕ-ಆರ್ಥಿಕ ಸಮೀಕ್ಷೆಯಲ್ಲಿ ಗುರುತಿಸಿದ ಸುಮಾರು 62 ಲಕ್ಷ ಕುಟುಂಬಗಳಿಗೆ ಮಾತ್ರ, ಉಳಿದ ಬಿಪಿಎಲ್ ಕುಟುಂಬಗಳ ಪೂರ್ತಿ ಭಾರ ರಾಜ್ಯದ್ದು. ಈಗ ಕಾರ್ಡಿನ ಹೆಸರಿನಲ್ಲೇ ಪ್ರಧಾನ ಮಂತ್ರಿ, ಮುಖ್ಯಮಂತ್ರಿ ಇಬ್ಬರೂ ಇದ್ದಾರೆ. ಕೇಂದ್ರದ ಯೋಜನೆಯೊಡನೆ ಸೇರಿದ್ದರಿಂದ ನಮಗೆ ಆದ ನಿಜವಾದ ಲಾಭವೆಂದರೆ ಗಡಿ ದಾಟಬಹುದು ಎಂಬುದು. ಆಳಂದದವರು ಸೊಲ್ಲಾಪುರಕ್ಕೆ, ಬೀದರದವರು ಹೈದರಾಬಾದಿಗೆ ಹೋಗುವುದು ಇಂದು ನಿನ್ನೆಯದಲ್ಲ. 2021ರಲ್ಲಿ ತೆಲಂಗಾಣವೂ ಆಯುಷ್ಮಾನ್‌ಗೆ ಸೇರಿದ ಮೇಲೆ ಎರಡೂ ದಿಕ್ಕಿನಲ್ಲಿ ನೋಂದಾಯಿತ ಆಸ್ಪತ್ರೆಯಲ್ಲಿ ಕಾರ್ಡು ತೋರಿಸುವ ಅವಕಾಶವಾಯಿತು. ಪುಣೆ, ಮುಂಬೈಗೆ ದುಡಿಯಲು ಹೋಗುವ ಕುಟುಂಬ ಹೊರಡುವ ಮುಂಚೆ ಮನೆಯ ಪ್ರತಿಯೊಬ್ಬರ ಕಾರ್ಡನ್ನೂ ಮಾಡಿಸಿಟ್ಟುಕೊಳ್ಳಬೇಕು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾಡಿಸುವ ಹೊತ್ತು ಸಿಗುವುದಿಲ್ಲ.

ಕಾರ್ಡಿನ ಮಟ್ಟಿಗೆ ನನ್ನ ತೀರ್ಪು ಹೀಗಿದೆ: ಬಡವರಿಗೆ ದೊಡ್ಡ ಕಾಯಿಲೆಯ ಚಿಕಿತ್ಸೆಯನ್ನು ನಮ್ಮ ಜಿಲ್ಲೆಗಳಿಂದಲೇ ಆರಂಭಿಸಿದ ಶ್ರೇಯ ಬಿಜೆಪಿಗೆ, ಅದನ್ನು ಎಲ್ಲ ವರ್ಗಕ್ಕೆ ಹಿಗ್ಗಿಸಿದ ಶ್ರೇಯ ಕಾಂಗ್ರೆಸ್ಸಿಗೆ. ಆದರೆ ಕಾರ್ಡು ಒಳರೋಗಿಗೆ ಸಲ್ಲುವಂಥದ್ದು. ಸಕ್ಕರೆ ಕಾಯಿಲೆಯವರ ತಿಂಗಳ ಮಾತ್ರೆ, ಮಗುವಿನ ಜ್ವರ, ರಕ್ತ ಪರೀಕ್ಷೆಗೆ ಸೋರಿಹೋಗುವ ಹಣವನ್ನು ಅದು ತಡೆಯುವುದಿಲ್ಲ.

ಕಟ್ಟಡ

2007ರವರೆಗೆ ಈ ಮೂರು ಜಿಲ್ಲೆಗಳಲ್ಲಿ ಒಂದೇ ಒಂದು ಸರಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ ಎಂಬುದನ್ನು ಇಂದಿನ ಮಕ್ಕಳು ನಂಬಲಿಕ್ಕಿಲ್ಲ. ಕಲಬುರಗಿಯಲ್ಲಿ 1963ರಿಂದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಂ.ಆರ್. ವೈದ್ಯಕೀಯ ಕಾಲೇಜು ಇತ್ತು, ಆಮೇಲೆ ಇನ್ನೊಂದು ಖಾಸಗಿ ಕಾಲೇಜು ಬಂತು, ಅಷ್ಟೇ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ನಮ್ಮ ವಿಭಾಗದವೇ ಆಗಿದ್ದವು. ಸರಕಾರಿ ಕಾಲೇಜುಗಳಾದ ಬೀದರದ ಬ್ರಿಮ್ಸ್ 2007ರಲ್ಲಿ, ಕಲಬುರಗಿಯ ಜಿಮ್ಸ್ 2013ರಲ್ಲಿ ಆರಂಭವಾದವು. ಮಲ್ಲಿಕಾರ್ಜುನ ಖರ್ಗೆಯವರು 2009ರಿಂದ 2013ರವರೆಗೆ ಕೇಂದ್ರ ಕಾರ್ಮಿಕ ಸಚಿವರಾಗಿದ್ದಾಗ ಸೇಡಂ ರಸ್ತೆಯಲ್ಲಿ ಕಾರ್ಮಿಕರ ರಾಜ್ಯ ವಿಮಾ ನಿಗಮದ, ಅಂದರೆ ಇಎಸ್‌ಐಸಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ರೂಪುಗೊಂಡಿತು. ವಾಡಿ, ಶಹಾಬಾದ, ಸೇಡಂನ ಸಿಮೆಂಟು ಮತ್ತು ಕಲ್ಲುಗಣಿಯ ಧೂಳು ಕುಡಿದ ಕಾರ್ಮಿಕರಿರುವ ಜಿಲ್ಲೆಗೆ ಅದು ಸಲ್ಲಬೇಕಾಗಿದ್ದ ಸಂಸ್ಥೆ. ಯಾದಗಿರಿ 2010ರಲ್ಲಿ ಬಿಜೆಪಿ ಸರಕಾರದ ಕಾಲದಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿನ ವೈದ್ಯಕೀಯ ಕಾಲೇಜು ಯಿಮ್ಸ್ ಕೇಂದ್ರ ಶೇ. 60, ರಾಜ್ಯ ಶೇ. 40 ಹಣ ಹಾಕುವ ಯೋಜನೆಯಡಿ, ಎರಡೂ ಕಡೆ ಬಿಜೆಪಿ ಸರಕಾರವಿದ್ದಾಗ ಬಂದು, 2022–23ರ ಸಾಲಿನಲ್ಲಿ ಮೊದಲ ತಂಡ ಸೇರಿಸಿಕೊಂಡಿತು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯನ್ನು 2024ರ ಡಿಸೆಂಬರ್ 22ರಂದು ಸಿದ್ದರಾಮಯ್ಯ ಉದ್ಘಾಟಿಸಿದರು.

ಆ 371 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಮ್ಮ ಹಿರಿಯರು ದಶಕಗಳ ಕಾಲ ಬೀದಿಗಿಳಿದಿದ್ದರು. ವಾಜಪೇಯಿ ಸರಕಾರದಲ್ಲಿ ಗೃಹ ಸಚಿವರಾಗಿದ್ದ ಎಲ್.ಕೆ. ಅಡ್ವಾಣಿ ಆ ಬೇಡಿಕೆಯನ್ನು ತಳ್ಳಿಹಾಕಿದ್ದರು. 2012ರ ಡಿಸೆಂಬರ್‌ನಲ್ಲಿ ಯುಪಿಎ ಕಾಲದಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಇದರ ಪರಿಣಾಮ ಆರೋಗ್ಯಕ್ಕೆ ನೇರವಾಗಿ ತಟ್ಟುತ್ತದೆ, ಏಕೆಂದರೆ ಈ ಭಾಗದ ವೈದ್ಯಕೀಯ ಸೀಟುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ನಮ್ಮ ಮಕ್ಕಳಿಗೆ ಮೀಸಲು. ಹಾಗೆ ಓದಿದ ಹುಡುಗಿಯೊಬ್ಬಳು ಚಿತ್ತಾಪುರದಲ್ಲೋ ಸುರಪುರದಲ್ಲೋ ನಿಲ್ಲುವ ಸಾಧ್ಯತೆ, ಬೇರೆ ಸೀಮೆಯಿಂದ ವರ್ಗವಾಗಿ ಬಂದವರು ನಿಲ್ಲುವ ಸಾಧ್ಯತೆಗಿಂತ ಹೆಚ್ಚು. ಈ ಒಂದು ಕಾರಣಕ್ಕೆ, ಮತ್ತು ಇಎಸ್‌ಐಸಿ, ಜಯದೇವಗಳ ಕಾರಣಕ್ಕೆ, ದೊಡ್ಡ ಸಂಸ್ಥೆಗಳನ್ನು ಕಟ್ಟುವುದರಲ್ಲಿ ನಮ್ಮ ಭಾಗದಲ್ಲಿ ಕಾಂಗ್ರೆಸ್ಸಿನ ದಾಖಲೆ ಮೇಲು ಎನ್ನುತ್ತೇನೆ. ಯಾದಗಿರಿಯವರ ಲೆಕ್ಕ ಬೇರೆ ಬರಬಹುದು, ಅವರ ಜಿಲ್ಲೆಯೂ ಕಾಲೇಜೂ ಬಿಜೆಪಿಯ ಕಾಲದಲ್ಲಿ ಬಂದವು. ಜೆಡಿಎಸ್ ಈ ಭಾಗದಲ್ಲಿ ಏಕಾಂಗಿಯಾಗಿ ಅಧಿಕಾರ ನಡೆಸಿಲ್ಲವಾದ್ದರಿಂದ ಅದರ ಪಾಲನ್ನು ಬಿಡಿಸಿ ಹೇಳುವುದು ಕಷ್ಟ; ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ತಾಯಿಗೆ ಕೊಡುತ್ತಿದ್ದ ‘ಮಡಿಲು’ ಕಿಟ್ 2007ರಲ್ಲಿ ಕುಮಾರಸ್ವಾಮಿಯವರ ಸರಕಾರ ಆರಂಭಿಸಿದ್ದು.

ಮಂಡಳಿಯ ಹಣದ ಬಗ್ಗೆ ಎರಡು ಮಾತು. ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಪಡೆಯಿತು. ವರ್ಷಕ್ಕೆ 1,500 ಕೋಟಿ ಇದ್ದ ಅದರ ಅನುದಾನ 2022–23ರಲ್ಲಿ 3,000 ಕೋಟಿಯಾಯಿತು. 2023–24ಕ್ಕೆ 5,000 ಕೋಟಿ ಎಂದು ಮೊದಲು ಫೆಬ್ರುವರಿಯಲ್ಲಿ ಬೊಮ್ಮಾಯಿ, ಚುನಾವಣೆಯ ನಂತರ ಜುಲೈಯಲ್ಲಿ ಸಿದ್ದರಾಮಯ್ಯ ಘೋಷಿಸಿದರು. ಹೀಗಾಗಿ ಆ 5,000 ಕೋಟಿಯನ್ನು ಇಬ್ಬರೂ ತಮ್ಮದೆನ್ನುತ್ತಾರೆ. ಮತದಾರ ಕೇಳಬೇಕಾದ್ದು ಹಂಚಿಕೆ, ಬಿಡುಗಡೆ, ಖರ್ಚು ಎಂಬ ಮೂರು ಕಾಲಮ್ಮುಗಳನ್ನು; ಘೋಷಣೆ ಮೊದಲ ಕಾಲಮ್ಮಿಗೆ ಮಾತ್ರ ಸೇರಿದ್ದು.

ತಾಯಿ ಮತ್ತು ಮಗು

ಒಂದು ಲಕ್ಷ ಜೀವಂತ ಜನನಕ್ಕೆ ರಾಜ್ಯದಲ್ಲಿ ಸಾಯುವ ತಾಯಂದಿರ ಸಂಖ್ಯೆ 2001–03ರಲ್ಲಿ 228 ಇತ್ತು, 2007–09ಕ್ಕೆ 178, 2010–12ಕ್ಕೆ 144, 2018–20ಕ್ಕೆ 69. ಸರಕಾರ ಬದಲಾದಾಗಲೆಲ್ಲ ಈ ಇಳಿಕೆ ನಿಂತಿಲ್ಲ. ಜನನಿ ಸುರಕ್ಷಾ, ಆಶಾ, 108, ಮಡಿಲು, ಹಿಂದುಳಿದ ಜಿಲ್ಲೆಗಳಿಗೆ ಬಂದ ತಾಯಿ ಭಾಗ್ಯ, 2017ರ ಮಾತೃಪೂರ್ಣ, ಇವೆಲ್ಲ ಒಂದರ ಮೇಲೊಂದು ಕೂಡಿಕೊಂಡ ಫಲ ಇದು. ಆದ್ದರಿಂದ ಹೆರಿಗೆಯ ಸುರಕ್ಷತೆಯನ್ನು ಯಾವ ಪಕ್ಷವಾದರೂ ತನ್ನದೊಂದೇ ಸಾಧನೆ ಎಂದು ಹೇಳಿಕೊಂಡರೆ ಒಪ್ಪಬೇಡಿ.

ಮಕ್ಕಳ ವಿಷಯ ಬಂದಾಗ ನನ್ನ ಮನಸ್ಸಿಗೆ ನೋವಾಗುತ್ತದೆ. ಕಾಂಗ್ರೆಸ್ ಕಾಲದ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ, ಸಮ್ಮಿಶ್ರ ಸರಕಾರ ಬಿದ್ದು ಬಿಜೆಪಿ ಬಂದ 2019ರ ಸಮೀಕ್ಷೆಯಲ್ಲೂ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಜ್ಯದ ಸರಾಸರಿ ಆಗ ಶೇ. 36.2ರಿಂದ 35.4ಕ್ಕೆ ಬಂದಿತ್ತು. ಅಂಗನವಾಡಿಯ ಗೋಡೆಗೆ ಅಂಟಿಸಿದ ಅಳತೆಪಟ್ಟಿಯ ಮುಂದೆ ನಾಲ್ಕು ವರ್ಷದ ಮಗು ನಿಂತಾಗ ಅದರ ತಲೆ ಮೂರು ವರ್ಷದವರ ಗೆರೆಗೂ ಮುಟ್ಟದಿರುವುದನ್ನು ನೋಡಿದ್ದೇನೆ. ತಾಯಿ ನಗುತ್ತಾ ‘ಅವರಪ್ಪನೂ ಗಿಡ್ಡೇ ಅದಾರ’ ಎಂದಳು. ಅಪ್ಪನೂ ಇದೇ ಹಸಿವಿನಲ್ಲಿ ಬೆಳೆದವನು.

ಇಲ್ಲಿ ಎರಡೂ ಪಕ್ಷಗಳಿಗೆ ಸಲ್ಲಬೇಕಾದ ಒಂದು ಒಳ್ಳೆಯ ಕೆಲಸವಿದೆ. 2021ರ ಡಿಸೆಂಬರ್‌ನಲ್ಲಿ ಬೊಮ್ಮಾಯಿ ಸರಕಾರ, ಕೆಲವು ಮಠಾಧೀಶರ ಬಲವಾದ ವಿರೋಧವಿದ್ದರೂ, ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು, ಸಿಗದ ಗದಗದ ಮಕ್ಕಳೊಡನೆ ಹೋಲಿಸಿ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನ ಯಾದಗಿರಿಯ ಮಕ್ಕಳ ತೂಕ ಹೆಚ್ಚಿದ್ದನ್ನು ತೋರಿಸಿತು. ನಂತರ ಅದು ಇಡೀ ರಾಜ್ಯಕ್ಕೆ ಹರಡಿತು. ಕಾಂಗ್ರೆಸ್ ಸರಕಾರದ ಕಾಲದಲ್ಲಿ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಡನೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಯಿತು. ಕಾಂಗ್ರೆಸ್ಸಿನ ಅನ್ನಭಾಗ್ಯ, ಕ್ಷೀರಭಾಗ್ಯಗಳನ್ನೂ ಈ ಸಾಲಿನಲ್ಲಿಯೇ ಇಟ್ಟು ನೋಡಬೇಕು. ನಮ್ಮ ಜಿಲ್ಲೆಗಳಲ್ಲಿ ಆರೋಗ್ಯದ ಅರ್ಧ ಕೆಲಸ ಆಗುವುದು ತಾಟಿನಲ್ಲಿ.

ಕುರ್ಚಿ

ಈಗ ಆ ಅಡ್ಡಗೆರೆಗೆ ಬರುತ್ತೇನೆ. 30 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5 ಸಾವಿರಕ್ಕೊಂದು ಉಪಕೇಂದ್ರ ಎಂಬುದು ಬಯಲುಸೀಮೆಗೆ ಇರುವ ಮಾನದಂಡ. ಕೇಂದ್ರಗಳ ಸಂಖ್ಯೆಯನ್ನು ಹೇಗೋ ಸರಿದೂಗಿಸಬಹುದು. ಅಲ್ಲಿ ರಾತ್ರಿ ಯಾರು ಇರುತ್ತಾರೆ ಎಂಬುದನ್ನು ಮಾತ್ರ ಯಾವ ಸರಕಾರವೂ ಗಟ್ಟಿಯಾಗಿ ಬಗೆಹರಿಸಿಲ್ಲ. ವೈದ್ಯಕೀಯ ಓದಿದವರು ಒಂದು ವರ್ಷ ಸರಕಾರಿ ಸೇವೆ ಮಾಡಲೇಬೇಕೆಂಬ ಕಾನೂನು ಬಿಜೆಪಿ ಕಾಲದಲ್ಲಿ 2012ರಲ್ಲಿ ರಚನೆಯಾಗಿ, ಕಾಂಗ್ರೆಸ್ ಕಾಲದಲ್ಲಿ 2015ರಲ್ಲಿ ಜಾರಿಗೆ ಬಂತು. 2023ರಲ್ಲಿ ಕಾಂಗ್ರೆಸ್ ಸರಕಾರವೇ ತಿದ್ದುಪಡಿ ತಂದು, ಖಾಲಿ ಹುದ್ದೆಗಳಿರುವಷ್ಟಕ್ಕೆ ಮಾತ್ರ ಅದನ್ನು ಸೀಮಿತಗೊಳಿಸಿತು. ಒಂದು ವರ್ಷಕ್ಕೆ ಬಂದು ಹೋಗುವ ಎಳೆಯ ವೈದ್ಯರಿಂದ ಗೆರೆ ಅಳಿಸಿಹೋಗುತ್ತದೆ, ಮರುವರ್ಷ ಮತ್ತೆ ಬರೆಯುತ್ತಾರೆ. ತಜ್ಞರ ಕೊರತೆ ಇದಕ್ಕಿಂತ ಕಠಿಣ: ತಾಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆ ಇದ್ದು ಅರಿವಳಿಕೆ ತಜ್ಞ ಇಲ್ಲದಿದ್ದರೆ ಸಿಸೇರಿಯನ್ ಆಗುವುದಿಲ್ಲ, ಗರ್ಭಿಣಿ ಮತ್ತೆ 108 ಹತ್ತಬೇಕು.

ಇರುವ ಕೆಲಸಗಾರರನ್ನು ನಡೆಸಿಕೊಂಡ ರೀತಿಯಲ್ಲೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಬಿಜೆಪಿಯ ಕಾಲದಲ್ಲಿ, 2023ರ ಫೆಬ್ರುವರಿಯಲ್ಲಿ, ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕಾಯಮಾತಿಗಾಗಿ ಮುಷ್ಕರ ಹೂಡಿದರು. ಕಾಂಗ್ರೆಸ್ಸಿನ ಕಾಲದಲ್ಲಿ, 2025ರ ಜನವರಿಯಲ್ಲಿ, ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತ ಮೇಲೆ ತಿಂಗಳಿಗೆ 10 ಸಾವಿರ ರೂಪಾಯಿಯ ಭರವಸೆ ಸಿಕ್ಕಿತು. ಕೇಂದ್ರದ 2017ರ ಆರೋಗ್ಯ ನೀತಿ ರಾಜ್ಯಗಳು ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಇಡಬೇಕು ಎನ್ನುತ್ತದೆ. ಆ ಗಡಿಯನ್ನು ಇಲ್ಲಿ ಯಾವ ಪಕ್ಷವೂ ಮುಟ್ಟಿಲ್ಲ.

ಹಳ್ಳಿ ಮತ್ತು ತಾಲೂಕು ಮಟ್ಟದಲ್ಲಿ ಈಚೆಗೆ ಆದ ಕೆಲವು ಕೆಲಸಗಳನ್ನು ಹೆಸರಿಸಬೇಕು. 2022ರಲ್ಲಿ ಬೊಮ್ಮಾಯಿ ಸರಕಾರ ನಗರ ಪ್ರದೇಶಗಳಿಗೆ 438 ‘ನಮ್ಮ ಕ್ಲಿನಿಕ್’ಗಳನ್ನು ಯೋಜಿಸಿತು. ಕಾಂಗ್ರೆಸ್ ಸರಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಎದೆನೋವಿನಿಂದ ಬಂದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿತು. 2024ರಲ್ಲಿ ಗೃಹ ಆರೋಗ್ಯ ತಂದು ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಮನೆ ಬಾಗಿಲಿಗೆ ಒಯ್ಯಲು ಹೊರಟಿತು. ಹೃದಯ ಜ್ಯೋತಿ ನನ್ನ ಮಟ್ಟಿಗೆ ಇವುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ಅಫಜಲಪುರದಿಂದಲೋ ಔರಾದದಿಂದಲೋ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯದ ಸ್ನಾಯು ಸತ್ತಿರುತ್ತದೆ. ಆರೋಗ್ಯದ ಪಟ್ಟಿಗೆ ಯಾರೂ ಸೇರಿಸದ ಶಕ್ತಿ ಯೋಜನೆಯನ್ನೂ ನಾನು ಸೇರಿಸುತ್ತೇನೆ: 2023ರ ಜೂನ್‌ನಿಂದ ಬಸ್ಸಿನ ಚಾರ್ಜಿಗಾಗಿ ಗಂಡನ ಮುಂದೆ ಕೈಚಾಚದೆ ತಪಾಸಣೆಗೆ ಹೊರಡುವ ಹೆಣ್ಣುಮಕ್ಕಳನ್ನು ಜಿಮ್ಸ್‌ನ ಸರತಿಯಲ್ಲಿ ನೋಡಬಹುದು.

ಕಷ್ಟದ ಹೊತ್ತು

ಪಕ್ಷಗಳ ಗುಣ ತಿಳಿಯುವುದು ಕೆಟ್ಟ ದಿನಗಳಲ್ಲಿ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರದು. ಅವರನ್ನು ಹೈದರಾಬಾದಿಗೆ ಕರೆದೊಯ್ದು ಮರಳಿ ತರುವಾಗ ಪ್ರಾಣ ಹೋಯಿತು. 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ 24 ಜನ ಸತ್ತದ್ದು ಬಿಜೆಪಿ ಆಡಳಿತದ ಮೇಲಿನ ಕಲೆ; ಕೋವಿಡ್ ಖರೀದಿಯ ತನಿಖೆಗೆ ಮುಂದಿನ ಸರಕಾರ ನ್ಯಾ. ಮೈಕೆಲ್ ಡಿಕುನ್ಹ ಆಯೋಗವನ್ನೇ ನೇಮಿಸಿತು. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರಂತೆ ತೀರಿಕೊಂಡಾಗ, ಸರಕಾರವೇ ಸರಬರಾಜು ಮಾಡಿದ, ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರವದ ಬಾಟಲಿಗಳ ಗುಣಮಟ್ಟ ಪ್ರಶ್ನೆಗೆ ಬಂದದ್ದು ಕಾಂಗ್ರೆಸ್ಸಿನ ಕಾಲದಲ್ಲಿ. ಔಷಧ ಖರೀದಿ ಮತ್ತು ಪರೀಕ್ಷೆಯ ವ್ಯವಸ್ಥೆ ಎರಡೂ ಪಕ್ಷಗಳ ಕೈಯಲ್ಲಿ ಸಡಿಲವಾಗಿಯೇ ಇತ್ತು.

ಖಾಸಗಿ ಆಸ್ಪತ್ರೆಗಳ ದರವನ್ನು ಹಿಡಿತಕ್ಕೆ ತರಲು 2017ರಲ್ಲಿ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದ ಮಸೂದೆಯನ್ನೂ ನೆನೆಯಬೇಕು. ವೈದ್ಯರು ಮುಷ್ಕರ ಹೂಡಿದರು, ವಿರೋಧ ಪಕ್ಷಗಳೂ ವಿರೋಧಿಸಿದವು, ಕೊನೆಗೆ ಕಾಂಗ್ರೆಸ್ ಸರಕಾರವೇ ಅದರ ಹಲ್ಲು ಕಿತ್ತು ಅಂಗೀಕರಿಸಿತು. ಇತ್ತ 2025ರ ಮೇ ತಿಂಗಳಲ್ಲಿ ಸರಕಾರಿ ಆಸ್ಪತ್ರೆಗಳ ಆವರಣದಲ್ಲಿ ಜನೌಷಧಿ ಕೇಂದ್ರ ಬೇಡವೆಂದು ಕಾಂಗ್ರೆಸ್ ಸರಕಾರ ಆದೇಶಿಸಿತು. ಒಳಗೆ ಔಷಧ ಉಚಿತವಾಗಿ ಸಿಗಬೇಕಾದ ಕಡೆ ಅಂಗಡಿ ಏಕೆ ಎಂಬ ಅವರ ವಾದ ತತ್ತ್ವದಲ್ಲಿ ಸರಿ. ಉಚಿತ ಔಷಧದ ಕಿಟಕಿಯಲ್ಲಿ ‘ಸ್ಟಾಕ್ ಇಲ್ಲ’ ಎಂಬ ಉತ್ತರ ಬಂದ ದಿನ ಅಗ್ಗದ ಅಂಗಡಿಯೂ ಇಲ್ಲದಿದ್ದರೆ ರೋಗಿ ಎಲ್ಲಿಗೆ ಹೋಗಬೇಕು ಎಂಬ ಬಿಜೆಪಿಯ ಪ್ರಶ್ನೆಯೂ ಅಷ್ಟೇ ಸರಿ. ನಿಮ್ಮ ಆಸ್ಪತ್ರೆಯ ಕಿಟಕಿಯಲ್ಲಿ ಏನು ಸಿಗುತ್ತದೆ ಎಂಬುದರ ಮೇಲೆ ಈ ವಾದದಲ್ಲಿ ನಿಮ್ಮ ಪಕ್ಷ ನಿರ್ಧಾರವಾಗಲಿ.

ನಿಮ್ಮ ಮನೆಯ ತಕ್ಕಡಿ

ಮನೆಯಲ್ಲಿ ಹೃದಯದ, ಕ್ಯಾನ್ಸರಿನ ಅಥವಾ ಡಯಾಲಿಸಿಸ್‌ನ ರೋಗಿ ಇದ್ದರೆ ಕಾರ್ಡಿನ ನಿಯಮ ಮತ್ತು ಕಲಬುರಗಿಯ ದೊಡ್ಡ ಸಂಸ್ಥೆಗಳಿಗೆ ಹೆಚ್ಚು ತೂಕ ಕೊಡಿ. ಗರ್ಭಿಣಿಯೂ ಎಳೆಯ ಮಕ್ಕಳೂ ಇರುವ ಮನೆಯವರು ತಾಲೂಕು ಆಸ್ಪತ್ರೆಯ ತಜ್ಞರು, ಅಂಗನವಾಡಿ ಮತ್ತು ಶಾಲೆಯ ಊಟವನ್ನು ಮುಂದಿಡಬೇಕು. ಹೊಲದ ಕೆಲಸವನ್ನೇ ನಂಬಿದವರಿಗೆ ರಾತ್ರಿ ತೆರೆದಿರುವ ಆರೋಗ್ಯ ಕೇಂದ್ರಕ್ಕಿಂತ ದೊಡ್ಡದು ಯಾವುದೂ ಇಲ್ಲ, ನನ್ನ ತಕ್ಕಡಿಯಲ್ಲಿ ಅದಕ್ಕೇ ಅರ್ಧ ತೂಕ. ಪ್ರಣಾಳಿಕೆಗಳನ್ನು ಇದಾದ ಮೇಲೆ ಓದಿ. 2023ರಲ್ಲಿ ಜೆಡಿಎಸ್ ಪ್ರತಿ ಗ್ರಾಮ ಪಂಚಾಯಿತಿಗೆ 30 ಹಾಸಿಗೆಯ ಆಸ್ಪತ್ರೆ ಎಂದಿತು. ತಾಲೂಕು ಆಸ್ಪತ್ರೆಗೇ ತಜ್ಞರು ಸಿಗದಿರುವಾಗ ಅಲ್ಲಿಗೆ ವೈದ್ಯರು ಎಲ್ಲಿಂದ ಎಂದು ಅದು ವಿವರಿಸಲಿಲ್ಲ. ಬಿಜೆಪಿ ಪ್ರತಿ ವಾರ್ಡಿಗೆ ನಮ್ಮ ಕ್ಲಿನಿಕ್ ಎಂದಿತು, ಅದು ಪಟ್ಟಣದವರಿಗೆ. ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳಲ್ಲಿ ಆರೋಗ್ಯ ಎಂಬ ಹೆಸರಿನದು ಒಂದೂ ಇರಲಿಲ್ಲ.

ಅಭ್ಯರ್ಥಿ ಮನೆಗೆ ಬಂದಾಗ ಕೇಳಲು ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಒಳ್ಳೆಯದು. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಕಳೆದ ಒಂದು ವರ್ಷದಲ್ಲಿ ರಾತ್ರಿ ಎಷ್ಟು ಹೆರಿಗೆ ಆಯಿತು, ಹಾವಿನ ವಿಷದ ಔಷಧ ಎಷ್ಟು ಜನಕ್ಕೆ ಅಲ್ಲಿಯೇ ಕೊಟ್ಟರು ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಬರಬೇಕು. ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆ ಕಡೆಯ ಸಲ ಯಾವಾಗ ನಡೆಯಿತು ಎಂದೂ ಕೇಳಿ. ತಾಲೂಕು ಆಸ್ಪತ್ರೆಯ ಸಮಿತಿಯಲ್ಲಿ ಶಾಸಕರೇ ಕೂರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯಿತಿಯ ಅಧೀನದವು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಗ ಇದ್ದ ಬಿಜೆಪಿ ಸರಕಾರ ಕ್ಷೇತ್ರ ಮರುವಿಂಗಡಣೆಯ ಕಾರಣ ಹೇಳಿ ಚುನಾವಣೆ ಮುಂದೂಡಿತು, ನಂತರ ಬಂದ ಕಾಂಗ್ರೆಸ್ ಸರಕಾರವೂ ವರ್ಷಗಟ್ಟಲೆ ನಡೆಸಲಿಲ್ಲ. ಸಿಸ್ಟರ್ ಒಬ್ಬರೇ ಕುಳಿತ ಆ ಕೇಂದ್ರಕ್ಕೆ ವೈದ್ಯರು ಬೇಕೆಂದು ಜಿಲ್ಲಾ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ನಮ್ಮೂರಿನ ಸದಸ್ಯನ ಸ್ಥಾನವೂ ಹೀಗೆ ಖಾಲಿ ಉಳಿಯಿತು. ಆ ಚುನಾವಣೆ ಯಾವ ತಿಂಗಳು ನಡೆಸುತ್ತೀರಿ ಎಂಬ ಪ್ರಶ್ನೆಯನ್ನು ಮೂರೂ ಪಕ್ಷದವರಿಗೆ ಕೇಳಿ, ಅವರು ಹೇಳಿದ ತಿಂಗಳನ್ನು ಕ್ಯಾಲೆಂಡರಿನ ಮೇಲೆ ಅವರೆದುರೇ ಬರೆದಿಟ್ಟುಕೊಳ್ಳಿ.